ಹಳೆಯ ಜೀಪಿನ ಗೇರ್ ಲೆಕ್ಕ: ಫೋರ್ ವೀಲ್ ಹಾಕುವ ಮುನ್ನ ಎಣಿಸಿ ನೋಡಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ಶೆಡ್ಡುಗಳಲ್ಲಿ ವಿಲ್ಲೀಸ್ ಮತ್ತು ಮಹೀಂದ್ರ ಜೀಪುಗಳು ಇಂದಿಗೂ ಕಾಣಸಿಗುತ್ತವೆ. ಅವುಗಳನ್ನು ಕೊಂಡು ಮೂಲರೂಪಕ್ಕೆ ತರಲು ಶ್ರಮಿಸುವ ಆಸಕ್ತರೂ ಇದ್ದಾರೆ. ಆದರೆ ಕೊಂಡ ಜೀಪಿನೊಳಗೆ ಯಾವ ಗೇರ್‌ಬಾಕ್ಸ್ ಇದೆ, ಆಕ್ಸಲ್‌ನಲ್ಲಿ ಯಾವ ಅನುಪಾತದ ಕ್ರೌನ್ ಮತ್ತು ಪಿನಿಯನ್ ಕೂತಿವೆ ಎಂಬುದನ್ನು ನೋಂದಣಿ ಪುಸ್ತಕ ಹೇಳುವುದಿಲ್ಲ. ಅದರಲ್ಲಿ ಚಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ ಇರುತ್ತವೆಯೇ ಹೊರತು ಗೇರುಗಳ ವಿವರ ಇರುವುದಿಲ್ಲ. ಮಾರುವವನಿಗೂ ಅದು ತಿಳಿದಿರುತ್ತದೆ ಎನ್ನುವಂತಿಲ್ಲ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ಜೀಪಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅನುಪಾತ ಒಂದೇ ಆಗಿರಲೇಬೇಕು. ಇಲ್ಲವಾದರೆ ಫೋರ್ ವೀಲ್ ಲಿವರ್ ಹಾಕಿದ ಕ್ಷಣದಿಂದ ವಾಹನ ತನ್ನ ಯಂತ್ರಭಾಗಗಳನ್ನು ತಾನೇ ಸವೆಸಿಕೊಳ್ಳಲು ಆರಂಭಿಸುತ್ತದೆ.

ಬೆರಕೆಗೆ ಕಾರಣ

ಎರಡನೇ ಮಹಾಯುದ್ಧದ ಕಾಲದಲ್ಲಿ, ಅಂದರೆ 1941ರಿಂದ 1945ರವರೆಗೆ, ವಿಲ್ಲೀಸ್ ಎಂಬಿ ಮತ್ತು ಅದೇ ನಮೂನೆಯ ಫೋರ್ಡ್ ಜಿಪಿಡಬ್ಲ್ಯು ಜೀಪುಗಳು ಒಟ್ಟು ಆರು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದವು. ಯುದ್ಧ ಮುಗಿದ ಬಳಿಕ ಸೇನೆ ವಿಲೇವಾರಿ ಮಾಡಿದ ಜೀಪುಗಳು ಭಾರತದಲ್ಲೂ ಖಾಸಗಿಯವರ ಕೈಸೇರಿದವು. ವಿಲ್ಲೀಸ್ ಕಂಪನಿಯು 1945ರಲ್ಲಿ ನಾಗರಿಕರಿಗಾಗಿ ಸಿಜೆ-2ಎ ಜೀಪನ್ನು ತಂದಿತು. 1947ರಲ್ಲಿ ಮಹೀಂದ್ರ ಸಂಸ್ಥೆಯು ವಿಲ್ಲೀಸ್ ಜೀಪುಗಳನ್ನು ಇಲ್ಲಿಯೇ ಜೋಡಿಸತೊಡಗಿತು. ಅಮೆರಿಕದಲ್ಲಿ 1968ರಲ್ಲಿ ತಯಾರಿಕೆ ನಿಂತ ಸಿಜೆ-3ಬಿ ಮಾದರಿಯು ಅದರ ನಂತರವೂ ಬಹುಕಾಲ ಭಾರತದಲ್ಲಿ ತಯಾರಾಯಿತು.

ಹೊರನೋಟಕ್ಕೆ ಹತ್ತಿರವಾದ ಈ ಮಾದರಿಗಳ ಗೇರುಗಳು ಮಾತ್ರ ಬೇರೆ ಬೇರೆ. ಸೇನೆಯ ಎಂಬಿ ಜೀಪಿನಲ್ಲಿ ಟಿ-84 ಎಂಬ ಮೂರು ವೇಗದ ಗೇರ್‌ಬಾಕ್ಸ್ ಇದ್ದು, ಅದರ ಆಕ್ಸಲ್ ಅನುಪಾತ 4.88. ಸಿಜೆ-2ಎ, ಸಿಜೆ-3ಬಿ ಜೀಪುಗಳಲ್ಲಿ ಅದಕ್ಕಿಂತ ಗಟ್ಟಿಯಾದ ಟಿ-90 ಗೇರ್‌ಬಾಕ್ಸ್ ಇದ್ದು, ಆಕ್ಸಲ್ ಅನುಪಾತ 5.38. ಹಿಂದಿನ ಆಕ್ಸಲ್ ಮುರಿದಾಗ ಗುಜರಿಯಲ್ಲಿ ಸಿಕ್ಕ ಇನ್ನೊಂದನ್ನು ಕೂರಿಸಿದರೆ, ಅಥವಾ ಡೀಸೆಲ್ ಎಂಜಿನ್ ಹಾಕಿದ ಬಳಿಕ ರಸ್ತೆಯಲ್ಲಿ ವೇಗ ಸಾಲದೆಂದು ಹಿಂದಿನ ಗೇರನ್ನಷ್ಟೇ ಬದಲಿಸಿದರೆ ಬೆರಕೆ ಆರಂಭವಾಗುತ್ತದೆ. ನಾಲ್ಕಾರು ಮಾಲೀಕರ ಕೈದಾಟಿದ ಮೇಲೆ ಆ ಬದಲಾವಣೆಯ ನೆನಪು ಯಾರಿಗೂ ಉಳಿಯುವುದಿಲ್ಲ.

ಅನುಪಾತವೆಂದರೇನು?

ಪ್ರೊಪೆಲ್ಲರ್ ಶಾಫ್ಟಿನ ತುದಿಯ ಚಿಕ್ಕ ಹಲ್ಲುಚಕ್ರವೇ ಪಿನಿಯನ್. ಅದು ತಿರುಗಿಸುವ ದೊಡ್ಡ ಹಲ್ಲುಚಕ್ರವೇ ಕ್ರೌನ್. ಪಿನಿಯನ್ನಿನಲ್ಲಿ 8, ಕ್ರೌನಿನಲ್ಲಿ 43 ಹಲ್ಲುಗಳಿದ್ದರೆ 43ನ್ನು 8ರಿಂದ ಭಾಗಿಸಿದಾಗ 5.375 ಬರುತ್ತದೆ. ಇದನ್ನೇ 5.38 ಎನ್ನುತ್ತಾರೆ. ಕ್ರೌನಿನಲ್ಲಿ 39 ಹಲ್ಲುಗಳಿದ್ದರೆ ಅನುಪಾತ 4.875, ಅಂದರೆ 4.88. ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದನ್ನು ಈ ಸಂಖ್ಯೆ ಹೇಳುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಏರು ಹತ್ತುವ ಬಲ ಹೆಚ್ಚು, ವೇಗ ಕಡಿಮೆ.

ಟೈರಿನ ಸುತ್ತಳತೆ 2.25 ಮೀಟರ್ ಎಂದಿಟ್ಟುಕೊಂಡರೆ, ಟಾಪ್ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ 5.38ರ ಜೀಪು ಗಂಟೆಗೆ ಸುಮಾರು 75 ಕಿ.ಮೀ. ವೇಗದಲ್ಲಿ ಓಡುತ್ತದೆ. 4.88ರ ಜೀಪು ಸುಮಾರು 83 ಕಿ.ಮೀ. ಮುಟ್ಟುತ್ತದೆ.

ಗುರುತುಗಳನ್ನು ನಂಬಬಹುದೇ?

ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ಚಿಕ್ಕ ಲೋಹದ ತಗಡಿನಲ್ಲಿ ಹಲ್ಲುಗಳ ಸಂಖ್ಯೆ ಇರುವುದುಂಟು. ಆದರೆ ಮುಚ್ಚಳ ಬಿಚ್ಚಿದಾಗ ಈ ತಗಡು ಕಳೆದುಹೋಗಬಹುದು, ಅಥವಾ ಒಳಗಿನ ಗೇರು ಬದಲಾದರೂ ಹಳೆಯ ತಗಡೇ ಉಳಿದಿರಬಹುದು. ಹಿಂದಿನ ಆಕ್ಸಲ್ ಯಾವ ಜೀಪಿನದು ಎಂಬುದಕ್ಕೆ ಚಕ್ರದ ನಡುಭಾಗ ಸುಳಿವು ಕೊಡುತ್ತದೆ. ಎಂಬಿ ಜೀಪಿನ ಹಿಂಚಕ್ರದ ಹಬ್ ಮೇಲೆ ಬೋಲ್ಟುಗಳಿಂದ ಬಿಗಿದ ಫ್ಲಾಂಜ್ ಇರುತ್ತದೆ. ನಂತರದ ಸಿಜೆ ಜೀಪುಗಳಲ್ಲಿ ಅದರ ಬದಲು ಆಕ್ಸಲ್ ಶಾಫ್ಟಿನ ತುದಿಗೆ ಒಂದೇ ದೊಡ್ಡ ನಟ್ ಇರುತ್ತದೆ. ಆದರೆ ಇದು ಹೊರಗಿನ ಹೌಸಿಂಗ್‌ನ ಗುರುತು ಮಾತ್ರ. ಒಳಗಿನ ಹಲ್ಲುಗಳನ್ನು ಖಚಿತಪಡಿಸಿಕೊಳ್ಳಲು ಮುಚ್ಚಳ ತೆಗೆದು ನೋಡಬೇಕು, ಇಲ್ಲವೇ ಸುತ್ತುಗಳನ್ನು ಎಣಿಸಬೇಕು.

ಆಕ್ಸಲ್ ಎಣಿಸುವ ಕ್ರಮ

ಇದಕ್ಕೆ ಬೇಕಾದುದು ಜ್ಯಾಕ್, ಭದ್ರವಾದ ಸ್ಟ್ಯಾಂಡ್, ಸೀಮೆಸುಣ್ಣ ಮತ್ತು ಇಬ್ಬರು ಜನ. ಜೀಪನ್ನು ಸಮತಟ್ಟಾದ ಗಟ್ಟಿನೆಲದಲ್ಲಿ ನಿಲ್ಲಿಸಿ, ಒಂದು ಹಿಂಚಕ್ರವನ್ನು ಮಾತ್ರ ಎತ್ತಿ ಸ್ಟ್ಯಾಂಡ್ ಕೊಡಬೇಕು. ಉಳಿದ ಮೂರು ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಕಟ್ಟೆ ಇಡಬೇಕು. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರಗಳನ್ನಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ ಪ್ರೊಪೆಲ್ಲರ್ ಶಾಫ್ಟನ್ನೇ ಹಿಡಿಯುತ್ತದೆ. ಆದ್ದರಿಂದ ಎಣಿಸುವಾಗ ಅದನ್ನು ಬಿಡಲೇಬೇಕು. ಬಿಟ್ಟ ಮೇಲೆ ಜೀಪನ್ನು ತಡೆಯುವುದು ಅಡ್ಡಕಟ್ಟೆಗಳು ಮಾತ್ರ ಎಂಬುದನ್ನು ಮರೆಯಬಾರದು.

ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲ್‌ಗೆ ತಂದು, ಫೋರ್ ವೀಲ್ ಲಿವರನ್ನು ಬಿಡಿಸಿ, ಟೈರಿನ ಮೇಲೂ ಶಾಫ್ಟಿನ ಮೇಲೂ ಸೀಮೆಸುಣ್ಣದ ಗೆರೆ ಎಳೆಯಬೇಕು. ಬಳಿಕ ಎತ್ತಿದ ಚಕ್ರವನ್ನು ನಿಧಾನವಾಗಿ 20 ಸುತ್ತು ತಿರುಗಿಸಬೇಕು. ಒಂದು ಚಕ್ರ ನೆಲದಲ್ಲಿ ನಿಂತು ಇನ್ನೊಂದೇ ತಿರುಗುವಾಗ ಕ್ರೌನ್ ಅದರ ಅರ್ಧದಷ್ಟು ಮಾತ್ರ ತಿರುಗುತ್ತದೆ. ಹೀಗಾಗಿ ಚಕ್ರದ 20 ಸುತ್ತು ಎಂದರೆ ಕ್ರೌನಿನ 10 ಸುತ್ತು. ಶಾಫ್ಟ್ 53 ಮುಕ್ಕಾಲು ಸುತ್ತು ತಿರುಗಿದ್ದರೆ ಅನುಪಾತ 5.38. ಅದು 48 ಮುಕ್ಕಾಲು ಆಗಿದ್ದರೆ 4.88. ಎರಡೇ ಸುತ್ತು ತಿರುಗಿಸಿದರೆ ವ್ಯತ್ಯಾಸ ಅರ್ಧ ಸುತ್ತಿನಷ್ಟಿದ್ದು ಕಣ್ತಪ್ಪಬಹುದು. 20 ಸುತ್ತಿನಲ್ಲಿ ಅದು ಐದು ಸುತ್ತಿನಷ್ಟಾಗುತ್ತದೆ.

ಮುಂದಿನ ಆಕ್ಸಲ್‌ಗೂ ಇದೇ ಕ್ರಮ. ಹಬ್‌ಗಳಿಗೆ ಯಾರಾದರೂ ಫ್ರೀ ವೀಲಿಂಗ್ ಲಾಕ್ ಅಳವಡಿಸಿದ್ದರೆ ಎರಡೂ ಮುಂಚಕ್ರಗಳ ಲಾಕ್ ಹಾಕಿಕೊಂಡು ಎಣಿಸಬೇಕು.

ಗೇರ್‌ಬಾಕ್ಸ್ ಪತ್ತೆ

ಟಿ-84 ಗೇರ್‌ಬಾಕ್ಸಿನ ಮೊದಲ ಗೇರಿನ ಅನುಪಾತ 2.665, ಟಿ-90ರದು 2.798. ಎರಡನೇ ಗೇರಿನಲ್ಲಿ ಇವು ಕ್ರಮವಾಗಿ 1.564 ಮತ್ತು 1.551 ಇರುವುದರಿಂದ ಅಲ್ಲಿ ಭೇದ ತಿಳಿಯದು. ಮೊದಲ ಗೇರಿನಲ್ಲೇ ನೋಡಬೇಕು.

ಒಂದು ಹಿಂಚಕ್ರ ಎತ್ತಿದ್ದಂತೆಯೇ ಟ್ರಾನ್ಸ್‌ಫರ್ ಕೇಸನ್ನು ಹೈಗೆ ಹಾಕಬೇಕು. ಅದರಲ್ಲಿ ಅನುಪಾತ ಒಂದಕ್ಕೊಂದು. ಬ್ಯಾಟರಿ ಸಂಪರ್ಕ ತೆಗೆದು, ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಮುಂದಿನಿಂದ ಸ್ಟಾರ್ಟಿಂಗ್ ಹ್ಯಾಂಡಲ್ ಹಾಕಿ ತಿರುಗಿಸಬೇಕು. ಪ್ರೊಪೆಲ್ಲರ್ ಶಾಫ್ಟ್ 10 ಸುತ್ತು ಮುಗಿಸುವಷ್ಟರಲ್ಲಿ ಹ್ಯಾಂಡಲ್ 28 ಸುತ್ತು ತಿರುಗಿದ್ದರೆ ಅದು ಟಿ-90. 27ಕ್ಕೂ ಕಡಿಮೆಯಾದರೆ ಟಿ-84. ಟಾಪ್ ಗೇರಿನಲ್ಲಿ ಎರಡೂ ಸಮನಾಗಿ ತಿರುಗಬೇಕು.

ಇದೇ ವೇಳೆ ಟ್ರಾನ್ಸ್‌ಫರ್ ಕೇಸನ್ನೂ ಗುರುತಿಸಬಹುದು. ಒಂದು ಮುಂಚಕ್ರವನ್ನೂ ಎತ್ತಿ ಸ್ಟ್ಯಾಂಡ್ ಕೊಟ್ಟು, ಫೋರ್ ವೀಲ್ ಹಾಕಿಕೊಂಡು, ಟಾಪ್ ಗೇರಿನಲ್ಲೇ ಅದನ್ನು ಲೋಗೆ ಹಾಕಿ ಎಣಿಸಿದರೆ ಎಂಬಿ ಜೀಪಿನಲ್ಲಿ 10 ಸುತ್ತಿಗೆ ಹ್ಯಾಂಡಲ್ ಸುಮಾರು 20 ಸುತ್ತು ತಿರುಗುತ್ತದೆ. ಸಿಜೆ ಜೀಪುಗಳಲ್ಲಿ 24ನ್ನು ಮೀರುತ್ತದೆ.

ಹೊಂದದಿದ್ದರೆ ಏನಾಗುತ್ತದೆ?

ಫೋರ್ ವೀಲ್ ಹಾಕಿದಾಗ ಈ ಜೀಪುಗಳ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಾಗುತ್ತವೆ. ಅವುಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ಹಿಂದೆ 5.38, ಮುಂದೆ 4.88 ಇದ್ದರೆ ಹಿಂಚಕ್ರ 100 ಮೀಟರ್ ಸಾಗುವಷ್ಟರಲ್ಲಿ ಮುಂಚಕ್ರ 110 ಮೀಟರ್ ಉರುಳಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಜಾರಿ ಆ 10 ಮೀಟರ್ ಸರಿಹೋಗುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರಲು ಅವಕಾಶವಿಲ್ಲದೆ ಆ ಒತ್ತಡವೆಲ್ಲ ಟ್ರಾನ್ಸ್‌ಫರ್ ಕೇಸ್, ಯೂನಿವರ್ಸಲ್ ಜಾಯಿಂಟ್ ಮತ್ತು ಟೈರುಗಳ ಮೇಲೆ ಬೀಳುತ್ತದೆ. ಸ್ಟೀರಿಂಗ್ ಬಿಗಿಯುತ್ತದೆ, ಲಿವರ್ ಹೊರಬರಲು ನಿರಾಕರಿಸುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರು ಹಾಕಿದರೂ ಇದೇ ಬಗೆಯ ಹಾನಿ.

ಸ್ಪೀಡೋಮೀಟರ್ ಕೂಡ ಒಂದು ಸೂಚನೆ. ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ, 5.38ಕ್ಕೆ ಹೊಂದಿಸಿದ ಜೀಪಿಗೆ 4.88ರ ಹಿಂದಿನ ಆಕ್ಸಲ್ ಕೂರಿಸಿದರೆ ನಿಜವಾದ 60 ಕಿ.ಮೀ. ವೇಗವನ್ನು ಅದು ಸುಮಾರು 54 ಎಂದು ತೋರಿಸುತ್ತದೆ.

ಸರಿಪಡಿಸುವುದು ಹೇಗೆ?

ಅನುಪಾತಗಳು ಹೊಂದದ ಜೀಪಿನಲ್ಲಿ ಅವು ಸರಿಹೋಗುವವರೆಗೆ ಫೋರ್ ವೀಲ್ ಲಿವರ್ ಮುಟ್ಟದಿರುವುದೇ ಕ್ಷೇಮ. ಬದಲಿಸುವಾಗ ಕ್ರೌನ್ ಮತ್ತು ಪಿನಿಯನ್‌ಗಳನ್ನು ಜೋಡಿಯಾಗಿಯೇ ಬದಲಿಸಬೇಕು. ಬೇರೆ ಬೇರೆ ಜೋಡಿಯ ಹಲ್ಲುಗಳು ಸರಿಯಾಗಿ ಕಚ್ಚದೆ ಸದ್ದು ಮಾಡಿ ಬೇಗ ಸವೆಯುತ್ತವೆ.

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ 50 ವರ್ಷ ಮೀರಿದ ವಾಹನಗಳಿಗೆ ‘ವಿಎ’ ಅಕ್ಷರಗಳ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ಪ್ರಕಟಿಸಿತು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಮಾರ್ಪಾಡಾಗದೆ ವಾಹನ ಮೂಲರೂಪದಲ್ಲಿರಬೇಕೆಂಬುದು ಅದರ ಷರತ್ತು. ಷರತ್ತು ಹೆಸರಿಸಿದ ಭಾಗಗಳಲ್ಲಿ ಗೇರ್‌ಬಾಕ್ಸ್ ಮತ್ತು ಆಕ್ಸಲ್ ಇಲ್ಲ. ಆದ್ದರಿಂದ ದಾಖಲೆಗಳೆಲ್ಲ ಸರಿಯಿರುವ ಜೀಪಿನಲ್ಲೂ ಒಳಗಿನ ಗೇರುಗಳು ಬೆರಕೆಯಾಗಿರಬಹುದು. ಮುಂಗಡ ಹಣ ಕೊಡುವ ಮೊದಲೇ ಎರಡೂ ಆಕ್ಸಲ್‌ಗಳನ್ನು ಎಣಿಸಿ, ಸಿಕ್ಕ ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಕೊಳ್ಳುವವನಿಗೆ ಅದು ಬೆಲೆ ಮಾತಾಡಲೂ ಆಧಾರ, ಮುಂದೆ ಬಿಡಿಭಾಗ ತರುವಾಗಲೂ ಆಧಾರ.