ರಾಮತೀರ್ಥದ ಅರಮನೆಯೂ ಯಡಹಳ್ಳಿಯ ಚಿಗರಿಯೂ

ಪ್ರವಾಸವೆಂದೊಡನೆ ನಮ್ಮ ಜನರು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಹಾದಿಯನ್ನು ಹಿಡಿಯುವರು. ಅದು ಯುಕ್ತವೇ ಸರಿ. ಆದರೆ ಅದೇ ಬಾಗಲಕೋಟೆ ಜಿಲ್ಲೆಯ ಉತ್ತರ ಭಾಗದಲ್ಲಿ, ಜಮಖಂಡಿಯಿಂದ ಬೀಳಗಿಯ ಕಡೆಗೆ, ಒಂದೇ ದಿನದಲ್ಲಿ ಮುಗಿಯುವ ಇನ್ನೊಂದು ಯಾತ್ರೆಯುಂಟು. ಮಕ್ಕಳನ್ನು ಕರೆದುಕೊಂಡು ಹೋಗುವ ಗೃಹಸ್ಥರಿಗೆ ಅದರಿಂದಾಗುವ ಲಾಭವು ಅಲ್ಪವಾದುದಲ್ಲ.

ಜಮಖಂಡಿಯು 1811ರಿಂದ 1948ರವರೆಗೆ ಪಟವರ್ಧನ ಮನೆತನದವರ ಸಂಸ್ಥಾನವಾಗಿದ್ದಿತು. ಊರ ಹೊರಗಿನ ರಾಮತೀರ್ಥದ ಗುಡ್ಡದ ಮೇಲೆ ರಾಮೇಶ್ವರನ ಗುಡಿಯೂ ಆ ಅರಸರ ಅರಮನೆಯೂ ಇರುವುವು. ಅಲ್ಲಿ ನಿಂತು ನೋಡಿದರೆ ಕಬ್ಬಿನ ಹೊಲಗಳ ಹಸಿರೂ ಅದರಾಚೆಗಿನ ಬೋಳುಗುಡ್ಡಗಳ ಸಾಲೂ ಕಾಣುವುವು. ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದೊಳಗೆ ವಿಲೀನವಾಯಿತು. ಗುಡ್ಡವೂ ಗುಡಿಯೂ ಅರಮನೆಯೂ ಇಂದಿಗೂ ನೋಡುವವರಿಗಾಗಿ ನಿಂತಿರುವುವು.

ಅರಸರ ಮನೆಗೂ ಮೃಗಗಳಿಗೂ ಹಳೆಯ ನಂಟು. ಇಂಗ್ಲೆಂಡಿನ ದೊರೆ ಒಂದನೆಯ ಚಾರ್ಲ್ಸನು 1637ರಲ್ಲಿ ಲಂಡನ್ನಿನ ಸಮೀಪದ ರಿಚ್ಮಂಡ್ ವನಕ್ಕೆ ಸುತ್ತಲೂ ಗೋಡೆ ಕಟ್ಟಿಸಿ, ತನ್ನ ಬೇಟೆಗೆಂದು ಜಿಂಕೆಗಳನ್ನು ಒಳಗಿರಿಸಿದನು. ನಮ್ಮ ಕಾಳಿದಾಸನ ದುಷ್ಯಂತನಾದರೋ ಬೆನ್ನಟ್ಟಿದ ಹರಿಣವು ಆಶ್ರಮದ್ದೆಂದು ತಪಸ್ವಿಗಳು ನುಡಿದೊಡನೆ ಹೂಡಿದ ಬಾಣವನ್ನು ಇಳುಹಿದನು. ಜಮಖಂಡಿಯ ನೆರೆಯ ಮುಧೋಳದಲ್ಲಿ ಘೋರ್ಪಡೆ ಅರಸರು ಓಟಕ್ಕೂ ಬೇಟೆಗೂ ಹೆಸರಾದ ನಾಯಿಗಳನ್ನು ಸಾಕಿ ಬೆಳೆಯಿಸಿದರು. 2005ರಲ್ಲಿ ಆ ತಳಿಯ ಚಿತ್ರವು ಭಾರತದ ಅಂಚೆಚೀಟಿಯ ಮೇಲೆಯೂ ಮೂಡಿತು.

ಇನ್ನು ಯಡಹಳ್ಳಿಗೆ ಬರೋಣ. ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ ಸುಮಾರು 96 ಚದರ ಕಿಲೋಮೀಟರ್ ಗುಡ್ಡಗಾಡನ್ನು ಸರಕಾರವು 2016ರಲ್ಲಿ ಚಿಂಕಾರ ವನ್ಯಜೀವಿಧಾಮವೆಂದು ಸಾರಿತು. ಇಲ್ಲಿ ಗೋಡೆಯಿಲ್ಲ, ಪಂಜರವಿಲ್ಲ, ಮೇವು ಹಾಕುವವರೂ ಇಲ್ಲ. ಸುತ್ತಲಿನ ಜನರು ಚಿಗರಿಯೆನ್ನುವ ಜಾತಿಯಲ್ಲಿ ಚಿಂಕಾರವು ಸಣ್ಣದು. ಭುಜದವರೆಗಿನ ಎತ್ತರವು ಎರಡಡಿಗಿಂತ ತುಸು ಹೆಚ್ಚು. ಜಿಂಕೆಯ ಕೋಡು ವರ್ಷಕ್ಕೊಮ್ಮೆ ಉದುರುವುದು, ಇದರದು ಉದುರದು. ಎಲೆಗಳ ರಸದಿಂದಲೂ ಇಬ್ಬನಿಯಿಂದಲೂ ಬಾಯಾರಿಕೆಯನ್ನು ನೀಗಿಕೊಂಡು ಬಹುಕಾಲ ನೀರಿಲ್ಲದೆ ಬಾಳಬಲ್ಲದು. ಸಂಸ್ಕೃತದಲ್ಲಿ ಛಿಕ್ಕಾ ಎಂದರೆ ಸೀನು. ಬೆದರಿದಾಗ ಈ ಪ್ರಾಣಿಯು ಕಾಲನ್ನು ನೆಲಕ್ಕೆ ಅಪ್ಪಳಿಸಿ ಮೂಗಿನಿಂದ ಸೀನಿನಂಥ ಸದ್ದು ಮಾಡುವುದನ್ನು ಬಲ್ಲವರಿಗೆ ಛಿಕ್ಕಾರವೆಂಬ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಹೋದ ಮುಂಜಾನೆ ಮೊದಲು ಕಂಡುದು ಗೊರಸಿನ ಗುರುತುಗಳು ಮಾತ್ರ. ಬಹಳ ಹೊತ್ತಿನ ಮೇಲೆ ಜಾಲಿಯ ಮರೆಯಿಂದ ಮೂರು ಚಿಗರಿಗಳು ತಲೆಯೆತ್ತಿ ನಮ್ಮನ್ನು ನೋಡಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಲ್ಲವಾದುವು.

ಇಲ್ಲಿ ವಾಚಕರು ಒಂದು ಮಾತನ್ನು ಲಕ್ಷ್ಯದಲ್ಲಿಡಬೇಕು. ಕಲ್ಲು, ಮುಳ್ಳು, ಒಣಹುಲ್ಲುಗಳಿಂದ ಕೂಡಿದ ಇಂಥ ನೆಲವನ್ನು ನಾವು ಬರಡೆಂದೂ ಹಾಳೆಂದೂ ಕರೆಯುತ್ತ ಬಂದಿರುವೆವು. ದಟ್ಟವಾದ ಮರಗಳಿದ್ದರೆ ಮಾತ್ರ ಕಾಡೆಂಬುದು ನಮ್ಮ ರೂಢಿಯ ತಿಳಿವಳಿಕೆ. ಆದರೆ ಓಟವನ್ನೇ ನಂಬಿದ ಚಿಂಕಾರಕ್ಕೆ ದೂರದ ಅಪಾಯವು ಕಾಣುವಂಥ ಬಯಲೇ ಬೇಕು. ತೋಳವೂ ಕತ್ತೆಕಿರುಬವೂ ಇದೇ ಕುರುಚಲಿನ ಒಕ್ಕಲುಗಳು. ಈ ನೆಲವನ್ನು ಉತ್ತು ಹೊಲ ಮಾಡಿದರೂ, ಸದುದ್ದೇಶದಿಂದಲೇ ಒತ್ತಾಗಿ ಗಿಡ ನೆಟ್ಟು ತೋಪು ಮಾಡಿದರೂ, ಅವು ನೆಲೆಗೆಡುವುವು. ಕುರಿ ಕಾಯುವವರಿಗೂ ಹುಲ್ಲು ಬೇಕಾದುದರಿಂದ ಅವರನ್ನು ಬಿಟ್ಟು ಈ ರಕ್ಷಣೆಯು ನಿಲ್ಲಲಾರದು. ಬೆಟ್ಟದ ಮೇಲೆ ಎಲ್ಲಿ ಏನಿರುವುದೆಂಬುದನ್ನು ಅವರಷ್ಟು ಬಲ್ಲವರು ಬೇರಿಲ್ಲ.

ಹೋಗುವವರು ಅರಣ್ಯ ಇಲಾಖೆಯವರ ಅಪ್ಪಣೆ ಪಡೆದು, ಬೆಳಗಿನ ತಂಪಿನಲ್ಲಿ, ಸದ್ದಿಲ್ಲದೆ ಹೋಗಬೇಕು. ನಾಯಿಯನ್ನು ಮನೆಯಲ್ಲಿಯೇ ಬಿಡಬೇಕು. ಮರಿಗಳಿಗೆ ಅದರ ಭಯವು ದೊಡ್ಡದು. ಬುತ್ತಿಯ ಕಾಗದವೊಂದನ್ನೂ ಅಲ್ಲಿ ಉಳಿಸಬಾರದು. ಚಿಗರಿಯು ಕಾಣದೆ ಹೋದರೂ ಮಕ್ಕಳಿಗೆ ಅದರ ಹೆಜ್ಜೆಯನ್ನು ತೋರಿಸಿ, ಈ ಬರಡು ನೆಲವು ಅದರ ಮನೆಯೆಂದು ತಿಳಿಯಹೇಳಿದರೆ ಆ ದಿನದ ಶ್ರಮವು ಸಾರ್ಥಕವಾಗುವುದು.