ಕ್ಯಾನ್ಸರ್ ತಗುಲಿದ ಮೂಳೆಗೂ ನಡಿಗೆ ಬೇಕು

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಸೊಂಟನೋವು, ಮಂಡಿನೋವು ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಆಳದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಹಲ್ಲು ಕಂದುತ್ತದೆ, ಇನ್ನೂ ಹೆಚ್ಚಾಗಿ ವರ್ಷಗಟ್ಟಲೆ ಕುಡಿದರೆ ಕೀಲು ಬಿಗಿಯುತ್ತದೆ ಎಂಬುದು ಇಲ್ಲಿ ಹಳೆಯ ಸಂಗತಿ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ, ಹಿಪ್ಪುನೇರಳೆ ಸೊಪ್ಪು ಹೊರುವವರಿಗೆ ಬೆನ್ನುನೋವು ದಿನದ ಪಾಡು. ಹಾಗಾಗಿಯೇ ಮೂಳೆಗೆ ಇಳಿದ ಕ್ಯಾನ್ಸರಿನ ನೋವೂ ‘ನೀರಿನ ದೋಷ’, ‘ದುಡಿಮೆಯ ನೋವು’ ಎಂದು ತಿಂಗಳುಗಟ್ಟಲೆ ಮರೆಯಾಗಿರಬಲ್ಲದು. ಮಲಗಿದರೂ ತಗ್ಗದೆ, ರಾತ್ರಿ ಹೆಚ್ಚಾಗಿ, ವಾರದಿಂದ ವಾರಕ್ಕೆ ಏರುವ ನೋವಿಗೆ ತಪಾಸಣೆ ಆಗಲೇಬೇಕು.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಅಪರೂಪ. ಹದಿಹರೆಯದವರ ಮಂಡಿಯ ಸುತ್ತ ಹೆಚ್ಚಾಗಿ ಕಾಣುವ ಆಸ್ಟಿಯೊಸಾರ್ಕೋಮಾ ಅಂಥದ್ದು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ, ಥೈರಾಯ್ಡ್‌ಗಳಿಂದ ಮೂಳೆಗೆ ಹರಡುವುದೇ ಹೆಚ್ಚು. ಮಜ್ಜೆಯಲ್ಲಿ ಶುರುವಾಗುವ ಮಲ್ಟಿಪಲ್ ಮೈಲೋಮಾ ಕೂಡ ಮೂಳೆಯನ್ನು ತೂತು ಮಾಡುತ್ತದೆ.

ಮಲಗಿಸುವುದೇ ಆರೈಕೆಯಲ್ಲ

ವಿಷಯ ತಿಳಿದ ಮನೆಯವರು ‘ಏಳಬೇಡಮ್ಮ, ಮೂಳೆ ಮುರಿದೀತು’ ಎನ್ನುತ್ತಾರೆ. ಆ ಭಯಕ್ಕೆ ಕಾರಣವಿದೆ. ಆದರೆ ಸದಾ ಮಲಗಿದವರ ತೊಡೆಯ ಸ್ನಾಯು ಕರಗುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಕ್ಯಾನ್ಸರ್ ಮೂಳೆಗೆ ಹರಡಿದವರ ವ್ಯಾಯಾಮದ ಬಗ್ಗೆ 2022ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಶಿಫಾರಸು ಪ್ರಕಟಿಸಿತು. ವ್ಯಾಯಾಮದ ಅಪಾಯದ ಜೊತೆಗೆ ಸುಮ್ಮನೆ ಮಲಗಿರುವುದರ ಅಪಾಯವನ್ನೂ ತೂಗಿ ನೋಡಬೇಕು ಎಂಬುದು ಅದರ ತಿರುಳು.

ತೂಗುವ ಕೆಲಸ ಸ್ಕ್ಯಾನ್ ನೋಡುವುದರಿಂದ ಶುರು. ಕೈಕಾಲಿನ ಉದ್ದ ಮೂಳೆಗಳಿಗೆ 1989ರಿಂದ ಬಳಕೆಯಲ್ಲಿರುವ ಮಿರೆಲ್ಸ್ ಅಂಕವಿದೆ. ಗಡ್ಡೆ ಇರುವ ಜಾಗ, ಅದರ ಗಾತ್ರ, ಸ್ವರೂಪ ಮತ್ತು ನೋವು ಸೇರಿ ಗರಿಷ್ಠ 12 ಅಂಕ. 9 ಅಥವಾ ಹೆಚ್ಚು ಬಂದರೆ ಮೂಳೆ ಮುರಿಯುವ ಮೊದಲೇ ರಾಡ್ ಹಾಕಿಸುವುದು ಒಳಿತು. ಕೆಲವರಿಗೆ ರೇಡಿಯೋಥೆರಪಿಯಿಂದ ನೋವು ತಗ್ಗಿಸಬೇಕಾಗುತ್ತದೆ. ಆಮೇಲೆ ಫಿಸಿಯೋಥೆರಪಿಸ್ಟ್ ಕಲಿಸುವುದು ಬದುಕಿನ ಸಣ್ಣ ಸಣ್ಣ ಕೆಲಸಗಳನ್ನು: ಭುಜ, ಸೊಂಟ ಒಟ್ಟಿಗೆ ತಿರುಗುವಂತೆ ಮಗ್ಗುಲಾಗುವುದು, ವಾಕರ್ ಹಿಡಿದು ಯಾವ ಕಾಲಿಗೆ ಎಷ್ಟು ಭಾರ ಕೊಡಬೇಕೆಂಬುದು, ಕೀಲು ಅಲುಗಿಸದೆ ಸ್ನಾಯು ಬಿಗಿಹಿಡಿದು ಸಡಿಲಿಸುವುದು. ಬೆನ್ನುಮೂಳೆಗೆ ತಗುಲಿದವರು ಬಗ್ಗಿ ತುಂಬಿದ ಬಿಂದಿಗೆ ಎತ್ತಬಾರದು. ಕುಗ್ಗುವ ನವಾರು ಮಂಚಕ್ಕಿಂತ ಗಟ್ಟಿ ಮಂಚ ವಾಸಿ. ಕುಕ್ಕರಗಾಲಿನ ಬದಲು ಕಮೋಡ್ ಕುರ್ಚಿ, ಬಚ್ಚಲಿನ ಗೋಡೆಗೊಂದು ಹಿಡಿಕಂಬಿ ಇದ್ದರೆ ಬೀಳುವ ಭಯ ಕಡಿಮೆ.

ಮುರಿದ ಮೂಳೆಗೆ ಹಾಕುವ ಆಂಧ್ರದ ಪುತ್ತೂರು ಕಟ್ಟಿನ ಹೆಸರು ಈ ಗಡಿಸೀಮೆಯಲ್ಲಿ ದೊಡ್ಡದು. ಆದರೆ ಸಣ್ಣ ಎಡವಿಗೇ ಮುರಿದ ಮೂಳೆಯ ಒಳಗೆ ಗಡ್ಡೆ ಇರಬಹುದು. ಅದನ್ನು ಎಳೆದು ಕಟ್ಟಿಸುವುದು, ಎಣ್ಣೆ ಹಾಕಿ ಬಲವಾಗಿ ತಿಕ್ಕಿಸುವುದು ಅಪಾಯ. ಕಾಲಿನ ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಇಲ್ಲವೇ ಹಿಡಿತ ತಪ್ಪಿದರೆ ಬೆನ್ನುಹುರಿ ಒತ್ತಿರಬಹುದು. ಆಗ ಬೆಳಗಿನವರೆಗೂ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಊರಿನ ಹತ್ತಿರವೇ ಸಿಗಲಿ

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಈ ಭಾಗದ ಬಡವರಿಗೆ ದೊಡ್ಡ ಆಸರೆ. ಆದರೆ ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ಗಡ್ಡೆಯ ಚಿಕಿತ್ಸೆಗೆ ಅಷ್ಟು ದೂರ ಹೋಗಲೇಬೇಕು. ಆದರೆ ನಡೆಯುವುದನ್ನು ಕಲಿಯಲು ಬಸ್ಸಿನ ಕುಲುಕಾಟದಲ್ಲಿ ಮತ್ತೆ ಮತ್ತೆ ಹೋಗುವುದು ನೊಂದ ಬೆನ್ನಿಗೆ ಶಿಕ್ಷೆ. ಅದಕ್ಕೆ ಕೂಲಿ ಬಿಟ್ಟು ಜೊತೆಗೆ ಹೋಗುವವರು ಯಾರು?

ನಡಿಗೆ ಕಲಿಸಲು ದೊಡ್ಡ ಯಂತ್ರಗಳು ಬೇಕಿಲ್ಲ. ಯಾವ ಮೂಳೆಗೆ ತೊಂದರೆ, ಎಷ್ಟು ಭಾರ ಹಾಕಬಹುದು, ಯಾವ ಚಲನೆ ಕೂಡದು ಎಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ. ಆ ಚೀಟಿ ಓದಿ ಮುಂದುವರಿಸಬಲ್ಲ, ಸಂದೇಹ ಬಂದರೆ ಬೆಂಗಳೂರಿನ ವೈದ್ಯರಿಗೆ ಫೋನ್ ಮಾಡಬಲ್ಲ ತರಬೇತಾದ ಫಿಸಿಯೋಥೆರಪಿಸ್ಟ್ ಜಿಲ್ಲಾಸ್ಪತ್ರೆಯಲ್ಲೂ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಇರಲಿ. ರೋಗ ಪೂರ್ತಿ ವಾಸಿಯಾಗದವರಿಗೂ ತಾವೇ ಎದ್ದು ಬಚ್ಚಲಿಗೆ ಹೋಗಿ ಬರುವ ಹಕ್ಕಿದೆ. ಆ ಹಕ್ಕನ್ನು ಉಳಿಸಿಕೊಡುವುದೂ ಕ್ಯಾನ್ಸರ್ ಚಿಕಿತ್ಸೆಯೇ.