ಗುಪ್ತಾಂಗದ ನರಹುಲಿ: ಮನೆಯಲ್ಲಿ ಹಚ್ಚೋ ಔಷಧ ಯಾವುದು, ಡಾಕ್ಟರೇ ಹಚ್ಚಬೇಕಾದ್ದು ಯಾವುದು?

ಗಾವಡಗೆರೆ: ಕೈ ಮೇಲೋ ಕುತ್ತಿಗೆ ಮೇಲೋ ನರಹುಲಿ ಎದ್ದರೆ ಜನ ನಾಲ್ಕು ಮಂದಿಗೆ ತೋರಿಸಿ ಮದ್ದು ಕೇಳುತ್ತಾರೆ. ಅದೇ ನರಹುಲಿ ಗುಪ್ತಾಂಗದಲ್ಲಿ ಎದ್ದರೆ ಗಂಡ ಹೆಂಡತಿಗೆ ಹೇಳಲ್ಲ, ಹೆಂಡತಿ ಗಂಡನಿಗೆ ಹೇಳಲ್ಲ. ಊರಿನ ಮೆಡಿಕಲ್ ಸ್ಟೋರ್‌ನಲ್ಲಿ ಕೇಳೋಣ ಅಂದ್ರೆ ಅಂಗಡಿಯವರು ಮುಖ ಪರಿಚಯದವರು. ಹಾಗಾಗಿ ಹುಣಸೂರಿಗೋ ಮೈಸೂರಿಗೋ ಹೋದಾಗ ಗುರುತಿಲ್ಲದ ಅಂಗಡಿಯಲ್ಲಿ ‘ನರಹುಲಿಗೆ ಏನಾದ್ರೂ ಕೊಡಿ’ ಅಂತ ಕೇಳಿ, ಎಲ್ಲಿ ಎದ್ದಿದೆ ಅನ್ನೋದನ್ನು ಮಾತ್ರ ಬಾಯಿ ಬಿಡದೆ, ಕೊಟ್ಟಿದ್ದನ್ನು ಜೇಬಿಗೆ ಹಾಕ್ಕೊಂಡು ಬರುವವರಿದ್ದಾರೆ. ತೊಂದರೆ ಶುರುವಾಗೋದು ಅಲ್ಲೇ.

ಯಾಕಂದ್ರೆ ‘ನರಹುಲಿ ಔಷಧ’ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗೋದು ಸ್ಯಾಲಿಸಿಲಿಕ್ ಆಸಿಡ್ ಇರುವ ದ್ರಾವಣ. ಅದು ಅಂಗೈ, ಅಂಗಾಲಿನ ದಪ್ಪ ಚರ್ಮಕ್ಕೆ ಮಾಡಿದ್ದು. ಆಣಿಗೆ ಹಚ್ಚೋದೂ ಇದನ್ನೇ. ಗುಪ್ತಾಂಗದ ಚರ್ಮ ತೆಳು, ಯಾವಾಗಲೂ ಬೆವರಿನ ಪಸೆ ಇರುವ ಜಾಗ. ಅಲ್ಲಿ ಹಚ್ಚಿದರೆ ನರಹುಲಿ ಹೋಗೋ ಮೊದಲೇ ಸುತ್ತಲಿನ ಚರ್ಮ ಸುಟ್ಟು ಹುಣ್ಣಾಗುತ್ತೆ. ಸುಣ್ಣಕ್ಕೆ ಸೋಡಾ ಕಲಸಿ ಹಚ್ಚೋದು, ಕಳ್ಳಿ ಹಾಲು, ಎಕ್ಕದ ಹಾಲು, ಗೇರು ಎಣ್ಣೆ ಇವೆಲ್ಲದರ ಕಥೆಯೂ ಅಷ್ಟೇ. ಕೂದಲು ಬಿಗಿದು ಕಟ್ಟಿದರೆ ರಕ್ತ ಬಂದು ಸೋಂಕು ತಗಲುತ್ತೆ, ವೈರಸ್ ಮಾತ್ರ ಚರ್ಮದೊಳಗೆ ಹಾಗೇ ಇರುತ್ತೆ.

ಇನ್ನೊಂದು ಅಪಾಯ, ತುರಿಕೆಗೆ ಅಂತ ಕೊಡುವ ಮಿಕ್ಸ್ ಕ್ರೀಮ್. ಇಂಥ ಬಹಳಷ್ಟು ಟ್ಯೂಬ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ಅದು ಆ ಜಾಗದ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವುದರಿಂದ ನರಹುಲಿ ಹೆಚ್ಚಾಗಲು ದಾರಿಯಾಗುತ್ತೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಇವನ್ನು ಮಾರುವಂತಿಲ್ಲ. ಮೆಡಿಕಲ್ ಅಂಗಡಿಯವರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ.

ಹಾಗಾದರೆ ಮನೆಯಲ್ಲಿ ಹಚ್ಚಿಕೊಳ್ಳುವ ಔಷಧವೇ ಇಲ್ವಾ? ಇದೆ. ಆದರೆ ಇಲ್ಲಿ ಹೆಸರಿನ ಗೊಂದಲ ಇದೆ, ಅದನ್ನು ಸರಿಯಾಗಿ ತಿಳ್ಕೊಳ್ಳಬೇಕು.

ಪೊಡೊಫಿಲಿನ್ ಮತ್ತು ಪೊಡೊಫಿಲೋಟಾಕ್ಸಿನ್. ಕೇಳೋಕೆ ಒಂದೇ ಥರ, ಬಳಸುವ ಕ್ರಮ ಬೇರೆ ಬೇರೆ. ಪೊಡೊಫಿಲಿನ್ ಅನ್ನೋದು ಪೊಡೊಫಿಲಮ್ ಎಂಬ ಗಿಡದ ಬೇರಿನಿಂದ ತೆಗೆದ ಕಚ್ಚಾ ರಾಳ. ನಮ್ಮ ಹಿಮಾಲಯದಲ್ಲೂ ಈ ಗಿಡ ಬೆಳೆಯುತ್ತೆ. 1942ರಲ್ಲಿ ಕಪ್ಲಾನ್ ಎಂಬ ಅಮೆರಿಕದ ವೈದ್ಯರು ಗುಪ್ತಾಂಗದ ನರಹುಲಿಗೆ ಇದನ್ನು ಹಚ್ಚಿ ಗುಣವಾದದ್ದನ್ನು ಬರೆದ ಮೇಲೆ ಬಳಕೆ ಹೆಚ್ಚಿತು. ಇದರ ಶಕ್ತಿ ಒಂದು ಬಾಟಲಿಯಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ ಆಗಬಹುದು. ಜಾಸ್ತಿ ಹಚ್ಚಿ ಅದು ಮೈಗೆ ಹೀರಿಕೊಂಡರೆ ನರಗಳಿಗೆ ಪೆಟ್ಟು ಬೀಳುತ್ತೆ, ಜೀವ ಹೋದ ಪ್ರಕರಣಗಳೂ ದಾಖಲಾಗಿವೆ. ಅದಕ್ಕೇ ಇದನ್ನು ಡಾಕ್ಟರೇ ಸ್ವಲ್ಪ ಹಚ್ಚಿ, 1ರಿಂದ 4 ಗಂಟೆಯೊಳಗೆ ತೊಳೆಯಲು ಹೇಳಿ ಕಳಿಸ್ತಾರೆ. ಬಾಟಲಿ ಕೈಗೆ ಸಿಕ್ತು ಅಂತ ಮನೆಯಲ್ಲಿ ಹಚ್ಚೋ ವಸ್ತು ಅಲ್ಲ.

ಪೊಡೊಫಿಲೋಟಾಕ್ಸಿನ್ ಅದೇ ರಾಳದಿಂದ ಶುದ್ಧ ಮಾಡಿ ತೆಗೆದ ಅಂಶ. ಶೇ 0.5ರ ದ್ರಾವಣವನ್ನು ಡಾಕ್ಟರ್ ಬರೆದುಕೊಟ್ಟರೆ ಮನೆಯಲ್ಲಿ ಹಚ್ಚಿಕೊಳ್ಳಬಹುದು. ದಿನಕ್ಕೆ 2 ಸಲ, 3 ದಿನ. ಆಮೇಲೆ 4 ದಿನ ಪೂರ್ತಿ ಬಿಡಬೇಕು. ಈ ಥರ ಹೆಚ್ಚೆಂದರೆ 4 ಸುತ್ತು. ನರಹುಲಿಯ ಮೇಲಷ್ಟೇ ತಾಗಬೇಕು. ಬೇಗ ಹೋಗಲಿ ಅಂತ ಬಿಡುವಿನ 4 ದಿನವೂ ಹಚ್ಚಿದರೆ ಹುಣ್ಣಾಗೋದು ಖಂಡಿತ ಅಂದ್ಕೊಳ್ಳಿ.

ಎರಡನೆಯದು ಇಮಿಕ್ವಿಮಾಡ್ ಕ್ರೀಮ್. ಚಿಕ್ಕ ಸ್ಯಾಚೆಯಲ್ಲಿ ಬರುತ್ತೆ. ಇದು ನರಹುಲಿಯನ್ನು ನೇರವಾಗಿ ಸುಡಲ್ಲ, ಆ ಜಾಗದಲ್ಲಿ ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತೆ. ಶೇ 5ರ ಕ್ರೀಮ್ ಆದರೆ ವಾರಕ್ಕೆ 3 ರಾತ್ರಿ, ಸೋಮವಾರ, ಬುಧವಾರ, ಶುಕ್ರವಾರ ಅಂತ ಇಟ್ಕೊಂಡರೆ ಮರೆಯಲ್ಲ. ಮಲಗುವಾಗ ತೆಳುವಾಗಿ ಹಚ್ಚಿ 6ರಿಂದ 10 ಗಂಟೆ ಬಿಟ್ಟು ಸೋಪು ನೀರಲ್ಲಿ ತೊಳೀಬೇಕು. 16 ವಾರದವರೆಗೂ ಹಚ್ಚಬೇಕಾಗಬಹುದು. ಎರಡು ವಾರಕ್ಕೇ ‘ಏನೂ ಆಗ್ಲಿಲ್ಲ’ ಅಂತ ಬಿಟ್ಟರೆ ದುಡ್ಡು ದಂಡ. ಸ್ವಲ್ಪ ಕೆಂಪಾಗೋದು, ಉರಿಯೋದು ಸಹಜ. ಚರ್ಮ ಕಿತ್ತು ಹುಣ್ಣಾದರೆ ನಿಲ್ಲಿಸಿ ಡಾಕ್ಟರ್ ಹತ್ರ ಹೋಗಬೇಕು. ಕ್ರೀಮ್ ಮೈ ಮೇಲಿರುವಾಗ ಗಂಡ ಹೆಂಡತಿ ಸೇರಬಾರದು. ಅದು ಕಾಂಡೋಮ್‌ನ ರಬ್ಬರನ್ನೂ ಮೆತ್ತಗೆ ಮಾಡುತ್ತೆ. ಗ್ರೀನ್ ಟೀ ಸತ್ವದ ಮುಲಾಮು ಅಂತ ಮೂರನೆಯದೂ ಒಂದಿದೆ. ಹಾಗಂತ ಟೀ ಸೊಪ್ಪು ಅರೆದು ಹಚ್ಚಿದರೆ ಅದು ಆಗಲ್ಲ.

ಯೋನಿಯ ಒಳಗೆ, ಮೂತ್ರದ್ವಾರದೊಳಗೆ, ಗುದದ್ವಾರದೊಳಗೆ ಎದ್ದಿದ್ದರೆ ಇವುಗಳನ್ನು ತಾವಾಗಿ ಹಚ್ಚಿಕೊಳ್ಳುವಂತಿಲ್ಲ. ಗರ್ಭಿಣಿಯರು ಪೊಡೊಫಿಲಿನ್, ಪೊಡೊಫಿಲೋಟಾಕ್ಸಿನ್ ಎರಡನ್ನೂ ಮುಟ್ಟಬಾರದು. ಅವರಿಗೆ ಆಸ್ಪತ್ರೆಯಲ್ಲಿ ಕೊರೆಯುವ ಚಳಿಯಿಂದ ನರಹುಲಿ ಸುಡುವಂಥ ಬೇರೆ ದಾರಿಗಳಿವೆ.

ಹಚ್ಚೋ ಮೊದಲು ಒಮ್ಮೆ ತೋರಿಸಿ ಅಂತ ವೈದ್ಯರು ಹೇಳೋಕೆ ಇನ್ನೂ ಒಂದು ಕಾರಣ ಇದೆ. ಅಲ್ಲಿ ಎದ್ದ ಗುಳ್ಳೆಯೆಲ್ಲ ನರಹುಲಿ ಅಲ್ಲ. ಕೆಲವು ಹುಟ್ಟು ಸಹಜದ ಚುಕ್ಕೆಗಳು, ಅವಕ್ಕೆ ಔಷಧವೇ ಬೇಡ. ಇನ್ನು ಕೆಲವು ಸಿಫಿಲಿಸ್ ರೋಗದ ಗಂಟುಗಳು, ನೋಡೋಕೆ ನರಹುಲಿಯಂತೆಯೇ, ಸ್ವಲ್ಪ ಚಪ್ಪಟೆ, ಒದ್ದೆ. ಅದಕ್ಕೆ ಬೇಕಾದ್ದು ರಕ್ತ ಪರೀಕ್ಷೆ ಮತ್ತು ಪೆನ್ಸಿಲಿನ್ ಇಂಜೆಕ್ಷನ್. ಮುಲಾಮು ಹಚ್ಚುತ್ತಾ ಕೂತರೆ ಗಂಟು ತಾನಾಗಿ ಮಾಯವಾಗಿ, ರೋಗ ಒಳಗೇ ಬೆಳೆಯುತ್ತೆ.

ಮನೆಯಲ್ಲಿ ಜಗಳಕ್ಕೆ ಕಾರಣವಾಗೋ ಮಾತೊಂದು ಉಳಿದಿದೆ. ಇದು ಎಚ್‌ಪಿವಿ ವೈರಸ್‌ನಿಂದ ಬರೋದು, ಹೆಚ್ಚಿನವು ಅದರ 6 ಮತ್ತು 11ನೇ ಬಗೆಯಿಂದ. ಚರ್ಮಕ್ಕೆ ಚರ್ಮ ತಾಗಿ ಅಂಟುತ್ತೆ. ಅಂಟಿದ ಮೇಲೆ ನರಹುಲಿ ಕಾಣಿಸೋಕೆ ವಾರಗಳೂ ಆಗಬಹುದು, ತಿಂಗಳುಗಳೂ ಆಗಬಹುದು, ಕೆಲವರಲ್ಲಿ ವರ್ಷಗಳೇ. ಹಾಗಾಗಿ ಇವತ್ತು ಎದ್ದಿದೆ ಅಂದ ಮಾತ್ರಕ್ಕೆ ಸಂಗಾತಿ ಈಗ ದಾರಿ ತಪ್ಪಿದ್ದಾರೆ ಅಂತ ಅರ್ಥ ಅಲ್ಲ. ಮದುವೆಗೆ ಮುಂಚಿನದೂ ಇರಬಹುದು. ಈ 6, 11ನೇ ಬಗೆ ಕ್ಯಾನ್ಸರ್ ತರುವ ಬಗೆಗಳಲ್ಲ. ಆದರೂ 30 ದಾಟಿದ ಹೆಂಗಸರು ಗರ್ಭಕೊರಳಿನ ತಪಾಸಣೆಯನ್ನು ಹೇಗಿದ್ದರೂ ಮಾಡಿಸಿಕೊಳ್ಳಲೇಬೇಕು.

ಔಷಧದಿಂದ ನರಹುಲಿ ಹೋದರೂ ಮೊದಲ 3 ತಿಂಗಳಲ್ಲಿ ಮತ್ತೆ ಏಳೋದು ಸಾಮಾನ್ಯ. ಅಂಗಡಿಯವರು ಮೋಸ ಮಾಡಿದರು ಅಂತಲ್ಲ, ವೈರಸ್ಸಿನ ಸ್ವಭಾವವೇ ಹಾಗೆ. 6, 11, 16, 18ನೇ ಬಗೆಗಳನ್ನು ತಡೆಯುವ ಸೀರಂ ಕಂಪನಿಯ ಸರ್ವಾವ್ಯಾಕ್ ಲಸಿಕೆ 2023ರಿಂದ ಮಾರುಕಟ್ಟೆಯಲ್ಲಿದೆ. ಗಂಡು, ಹೆಣ್ಣು ಇಬ್ಬರಿಗೂ 9ರಿಂದ 26 ವರ್ಷದೊಳಗೆ ಹಾಕಿಸಬಹುದು. ಈಗಾಗಲೇ ಎದ್ದ ನರಹುಲಿಗೆ ಇದು ಮದ್ದಲ್ಲ.

ಊರಲ್ಲಿ ತೋರಿಸೋಕೆ ಸಂಕೋಚ ಆದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗ ಇದೆ. ಲೈಂಗಿಕ ಸೋಂಕುಗಳಿಗೆಂದೇ ಸರ್ಕಾರ ನಡೆಸುವ ಚಿಕಿತ್ಸಾ ಕೇಂದ್ರಗಳಿಗೆ ‘ಸುರಕ್ಷಾ ಕ್ಲಿನಿಕ್’ ಅಂತ ಹೆಸರು. ಹತ್ತಿರದ್ದು ಎಲ್ಲಿದೆ ಅಂತ ಹೆಸರು ಹೇಳದೆಯೇ ಕೇಳೋಕೆ 1097ಕ್ಕೆ ಫೋನ್ ಮಾಡಬಹುದು, ಕರೆ ಉಚಿತ.